ಇದನ್ನೇ ಖುದ್ದು ಆಹ್ವಾನವೆಂದು ಭಾವಿಸಿ

ಚಿಪ್ಪಿಂಗ್ ಕ್ಲೆಗ್‌ಹಾರ್ನ್ ಎಂಬ ಇಂಗ್ಲಿಷ್ ಹಳ್ಳಿಯಲ್ಲಿ ಪೇಪರ್ ಹಾಕುವ ಹುಡುಗ, ಭಾನುವಾರ ಒಂದನ್ನು ಬಿಟ್ಟು, ದಿನವೂ ಬೆಳಿಗ್ಗೆ ಸೈಕಲ್ ಏರಿ ಶಿಳ್ಳೆ ಹಾಕುತ್ತ ಮನೆಯಿಂದ ಮನೆಗೆ ಹೋಗುತ್ತಾನೆ. ಯಾವ ಮನೆಗೆ ಯಾವ ದಿನಪತ್ರಿಕೆ ಬೀಳುತ್ತದೆ ಎನ್ನುವುದರಲ್ಲೇ ಆ ಮನೆಯವರ ರಾಜಕೀಯ, ಅಂತಸ್ತು, ಅಭಿರುಚಿ ಎಲ್ಲವೂ ಅಡಗಿರುತ್ತದೆ. ನಿವೃತ್ತ ಕರ್ನಲ್ ಓದುವ ಪತ್ರಿಕೆಯನ್ನು ಸಾಹಿತಿಯಾಗಲು ಹೊರಟ ತರುಣ ಕೈಯಿಂದಲೂ ಮುಟ್ಟುವುದಿಲ್ಲ. ಆದರೆ ಶುಕ್ರವಾರ ಬಂತೆಂದರೆ ಎಲ್ಲರ ಮನೆಗೂ ಒಂದೇ ಪತ್ರಿಕೆ ಬರುತ್ತದೆ. ಅದು ಸುತ್ತಲಿನ ನಾಲ್ಕು ಊರಿನ ಸುದ್ದಿ ಹೊತ್ತ ವಾರಪತ್ರಿಕೆ ‘ಗೆಜೆಟ್’. ದೇಶದ, ವಿದೇಶದ ಸುದ್ದಿಗಳನ್ನು ಆಚೆಗೆ ಸರಿಸಿ ಎಲ್ಲರೂ ಮೊದಲು ತೆರೆಯುವುದು ಅದರ ಸಣ್ಣ ಜಾಹೀರಾತುಗಳ ಪುಟವನ್ನು. ಯಾರ ಮನೆಯಲ್ಲಿ ಕೆಲಸದವರು ಬೇಕಾಗಿದ್ದಾರೆ, ಯಾರು ನಾಯಿಮರಿ ಮಾರುತ್ತಿದ್ದಾರೆ, ಯಾರ ಕೋಳಿ ಮಾರಾಟಕ್ಕಿದೆ ಎಂದು ನೋಡುತ್ತ ಹೋದವರ ಕಣ್ಣು ಒಂದು ಶುಕ್ರವಾರ ಒಂದು ಕಡೆ ನಿಂತುಬಿಡುತ್ತದೆ. ಕೊಲೆಯೊಂದನ್ನು ಪ್ರಕಟಿಸಲಾಗಿದೆ, ಅದು ಅಕ್ಟೋಬರ್ 29ರ ಶುಕ್ರವಾರ ಸಂಜೆ 6.30ಕ್ಕೆ ಲಿಟಲ್ ಪ್ಯಾಡಾಕ್ಸ್ ಮನೆಯಲ್ಲಿ ನಡೆಯಲಿದೆ, ಸ್ನೇಹಿತರಿಗೆ ಬೇರೆ ತಿಳಿವಳಿಕೆ ಇರುವುದಿಲ್ಲ, ಇದನ್ನೇ ಸ್ವೀಕರಿಸಬೇಕು ಎಂಬ ಅರ್ಥದ ಎರಡು ಸಾಲು ಅಲ್ಲಿ ಅಚ್ಚಾಗಿದೆ.

ಅಗಾಥಾ ಕ್ರಿಸ್ಟಿಯವರ ‘ಎ ಮರ್ಡರ್ ಈಸ್ ಅನೌನ್ಸ್ಡ್’ ಶುರುವಾಗುವುದು ಹೀಗೆ. ಆ ಜಾಹೀರಾತಿನ ಕೊನೆಯ ಮಾತನ್ನು ಓದಿದಾಗಲೆಲ್ಲ ನನಗೆ ನಮ್ಮ ಲಗ್ನಪತ್ರಿಕೆಗಳ ಅಡಿಯಲ್ಲಿ ಸಣ್ಣಕ್ಷರದಲ್ಲಿ ಇರುವ ಸಾಲು ನೆನಪಾಗುತ್ತದೆ: ಮನೆಗೆ ಬಂದು ಕರೆಯಲಾಗಲಿಲ್ಲವೆಂದು ಅನ್ಯಥಾ ಭಾವಿಸದೆ ಇದನ್ನೇ ಖುದ್ದು ಆಹ್ವಾನವೆಂದು ಭಾವಿಸಿ. ಮದುವೆಗೂ ವೈಕುಂಠ ಸಮಾರಾಧನೆಗೂ ನಾವು ಬಳಸುವ ಈ ಒಕ್ಕಣೆಗೆ ಇಂಗ್ಲಿಷರಲ್ಲೂ ಒಂದು ಸರಿಜೋಡಿ ಇದೆ. ಸಾವಿನ ಸುದ್ದಿಯನ್ನು ಪತ್ರಿಕೆಯಲ್ಲಿ ಹಾಕಿಸುವಾಗ ಬಳಸುವ ಶಿಷ್ಟಾಚಾರದ ಆ ಮಾತನ್ನು ಎತ್ತಿಕೊಂಡು ಕ್ರಿಸ್ಟಿ, ಸತ್ತ ಮೇಲೆ ಕೊಡಬೇಕಾದ ತಿಳಿವಳಿಕೆಯನ್ನು ಸಾಯುವ ಮೊದಲೇ ಕೊಡಿಸಿದ್ದಾರೆ. ಇಡೀ ಕಾದಂಬರಿಯ ಹೆದರಿಕೆ ಮತ್ತು ಸೊಗಸು ಎರಡೂ ಈ ಒಂದು ಹೊರಳಿಕೆಯಲ್ಲಿವೆ.

ಈ ಪುಸ್ತಕವನ್ನು ನಾನು ಮೊದಲು ಓದಿದ್ದು ಡಿಗ್ರಿಯ ಎರಡನೇ ವರ್ಷದಲ್ಲಿ, ಹಾಸ್ಟೆಲ್ಲಿನ ಗೆಳತಿಯೊಬ್ಬಳಿಂದ ಒಂದು ರಾತ್ರಿಯ ಮಟ್ಟಿಗೆ ಕಡ ಪಡೆದು. ಆಗ ನನಗೆ ಬೇಕಾಗಿದ್ದದ್ದು ಕೊಲೆಗಾರರ ಹೆಸರು ಮಾತ್ರ. ಹೆಸರು ಸಿಕ್ಕಿತು, ಪುಸ್ತಕ ಮುಚ್ಚಿದೆ, ಬೆಳಿಗ್ಗೆ ಹಿಂತಿರುಗಿಸಿದೆ. ಅದಾದ ಮೇಲೆ ಐದಾರು ಸಲ ಓದಿರಬೇಕು. ಯಾರು ಮಾಡಿದ್ದೆಂದು ಗೊತ್ತಿದ್ದೂ ಮತ್ತೆ ಮತ್ತೆ ಓದಿಸಿಕೊಳ್ಳುವ ಪತ್ತೇದಾರಿ ಕಾದಂಬರಿಗಳು ಬಹಳ ಇಲ್ಲ; ಇದು ನನ್ನ ಮಟ್ಟಿಗೆ ಅಂಥದ್ದು. ಆ ಹೆಸರನ್ನು ಇಲ್ಲಿ ನಾನು ಹೇಳುವುದಿಲ್ಲ. ಆದರೆ ಯಾರು ಯಾರು ಸಾಯುತ್ತಾರೆ ಎಂಬುದನ್ನು ಹೇಳದೆ ನನ್ನ ಮಾತು ಮುಂದೆ ಹೋಗುವುದಿಲ್ಲವಾದ್ದರಿಂದ, ಪುಸ್ತಕವನ್ನು ಇನ್ನೂ ಓದದವರು ಓದಿ ಬಂದರೆ ಒಳ್ಳೆಯದು.

ಕಥೆ ಹೀಗೆ ಸಾಗುತ್ತದೆ. ಲಿಟಲ್ ಪ್ಯಾಡಾಕ್ಸ್ ಮನೆಯ ಯಜಮಾನಿ ಲೆಟೀಷಿಯಾ ಬ್ಲ್ಯಾಕ್‌ಲಾಕ್ ಅರವತ್ತರ ಆಸುಪಾಸಿನ ಹೆಂಗಸು. ಜಾಹೀರಾತು ಕೊಟ್ಟದ್ದು ಯಾರೆಂದು ತನಗೆ ಗೊತ್ತಿಲ್ಲ ಎನ್ನುವ ಆಕೆ, ಜನ ಬಂದೇ ಬರುತ್ತಾರೆಂದು ಖಚಿತವಾಗಿದ್ದು, ಪಾನೀಯ ತಿಂಡಿಗಳನ್ನು ಸಿದ್ಧಮಾಡಿಡುತ್ತಾಳೆ. ಹಳ್ಳಿಯವರು ಒಬ್ಬೊಬ್ಬರಾಗಿ, ಹಾದಿಯಲ್ಲಿ ಹೋಗುತ್ತಿದ್ದವರು ಸುಮ್ಮನೆ ಒಳಗೆ ಬಂದಂತೆ ನಟಿಸುತ್ತ, ತಲೆಗೊಂದು ನೆಪ ಹಿಡಿದು ಬರುತ್ತಾರೆ. ಬಂದವರೆಲ್ಲ ಮನೆ ಬೆಚ್ಚಗಿರುವುದನ್ನು ಗಮನಿಸಿ, ‘ಓ, ಹೀಟಿಂಗ್ ಹಾಕಿಸಿಬಿಟ್ಟಿರಾ’ ಎಂದು ಅದೇ ಮಾತನ್ನು ಆಡುತ್ತಾರೆ. ಇಂಧನದ ಅಭಾವವಿದ್ದ ಕಾಲದಲ್ಲಿ ಅಕ್ಟೋಬರಿನಲ್ಲೇ ಮನೆ ಕಾಯಿಸುವುದು ಅಕ್ಕಪಕ್ಕದವರ ಕಣ್ಣಿಗೆ ಬೀಳುವ ಸಂಗತಿ. ಓದುವವರು ಇದನ್ನು ಲೋಕಾಭಿರಾಮದ ಮಾತೆಂದು ದಾಟಿಹೋಗುತ್ತಾರೆ. ದಾಟಬಾರದಿತ್ತೆಂದು ತಿಳಿಯುವುದು ಬಹಳ ತಡವಾಗಿ. ಗಡಿಯಾರ ಆರೂವರೆ ಹೊಡೆಯುತ್ತದೆ, ದೀಪ ಆರುತ್ತದೆ, ಬಾಗಿಲು ಧಡಾರನೆ ತೆರೆದು ಟಾರ್ಚಿನ ಬೆಳಕು ಎಲ್ಲರ ಮುಖದ ಮೇಲೆ ಹರಿಯುತ್ತದೆ, ಕೈ ಮೇಲೆತ್ತಿ ಎಂಬ ಗಂಡು ದನಿ ಕೇಳುತ್ತದೆ, ಗುಂಡು ಹಾರುತ್ತದೆ. ದೀಪ ಹತ್ತಿದಾಗ ಬ್ಲ್ಯಾಕ್‌ಲಾಕಳ ಕಿವಿಯಿಂದ ರಕ್ತ ಸುರಿಯುತ್ತಿದೆ. ಬಾಗಿಲ ಬಳಿ ಸತ್ತು ಬಿದ್ದವನು ರೂಡಿ ಶರ್ಜ್ ಎಂಬ ಸ್ವಿಟ್ಜರ್ಲೆಂಡಿನ ತರುಣ, ಹತ್ತಿರದ ಊರಿನ ಹೋಟೆಲೊಂದರಲ್ಲಿ ರಿಸೆಪ್ಷನ್ ಕೆಲಸದಲ್ಲಿದ್ದವನು.

1950ರಲ್ಲಿ ಈ ಕಾದಂಬರಿ ಬಂದಾಗ ಪ್ರಕಾಶಕರು ಇದನ್ನು ಕ್ರಿಸ್ಟಿಯವರ ಐವತ್ತನೆಯ ಪುಸ್ತಕವೆಂದು ಸಾರಿದರು. ಇಂಗ್ಲಿಷ್ ಹಳ್ಳಿಯ ಕೊಲೆಕಥೆ ಎಂದರೆ ಕಾಲ ನಿಂತುಹೋದ ಊರು, ಗುಲಾಬಿ ತೋಟ, ಪಾದ್ರಿಯ ಮನೆ, ಚಹಾ ಎಂದೇ ಅನೇಕರ ಕಲ್ಪನೆ. 1930ರ ‘ದ ಮರ್ಡರ್ ಅಟ್ ದ ವಿಕರೇಜ್’ ಓದಿದವರಿಗೆ ಹಾಗೆನಿಸಿದರೆ ತಪ್ಪಿಲ್ಲ. ಅಲ್ಲಿಯ ಸೇಂಟ್ ಮೇರಿ ಮೀಡ್ ಹಳ್ಳಿಯಲ್ಲಿ ಎಲ್ಲರಿಗೂ ಎಲ್ಲರ ಅಜ್ಜ ಮುತ್ತಜ್ಜ ಗೊತ್ತು. ಮಿಸ್ ಮಾರ್ಪಲ್ ಎಂಬ ವೃದ್ಧೆ ಕೊಲೆ ಭೇದಿಸುವುದು ಆ ಅರಿವಿನ ಬಲದಿಂದಲೇ: ಇವನನ್ನು ನೋಡಿದರೆ ಮೀನು ಮಾರುವವನ ಮಗ ನೆನಪಾಗುತ್ತಾನೆ, ಅವಳ ನಗೆ ಮನೆಗೆಲಸದ ಹುಡುಗಿಯ ನಗೆಯಂತಿದೆ ಎಂಬ ಲೆಕ್ಕದಲ್ಲಿ. ಆದರೆ ಚಿಪ್ಪಿಂಗ್ ಕ್ಲೆಗ್‌ಹಾರ್ನ್ ಯುದ್ಧ ಮುಗಿದ ಮೇಲಿನ ಹಳ್ಳಿ. ಅಕ್ಟೋಬರ್ 29 ಶುಕ್ರವಾರ ಬಿದ್ದದ್ದು 1948ರಲ್ಲಿ. ಕಾದಂಬರಿ ಉಸಿರಾಡುವ ಗಾಳಿಯೂ ಆ ವರ್ಷಗಳದ್ದೇ. ಬೆಣ್ಣೆ, ಸಕ್ಕರೆ, ಮಾಂಸ ಎಲ್ಲದಕ್ಕೂ ರೇಷನ್. 1940ರಲ್ಲಿ ಆರಂಭವಾದ ಆ ಪದ್ಧತಿ ಪೂರ್ತಿ ಕೊನೆಯಾದದ್ದು 1954ರಲ್ಲಿ. ಹಾಗಾಗಿ ಹಳ್ಳಿಯವರು ಒಬ್ಬರಿಗೊಬ್ಬರು ಕದ್ದುಮುಚ್ಚಿ ಬೆಣ್ಣೆ, ತರಕಾರಿ, ಕೋಳಿಗಳಿಗೆ ಹಾಕುವ ಕಾಳು ಕೊಟ್ಟು ತೆಗೆದುಕೊಳ್ಳುತ್ತಾರೆ; ಅದಕ್ಕಾಗಿ ಹಿತ್ತಿಲ ಬಾಗಿಲುಗಳು ಅಗುಳಿ ಹಾಕದೆ ತೆರೆದಿರುತ್ತವೆ; ಯಾರು ಯಾರ ಮನೆಗೆ ಯಾವಾಗ ಬೇಕಾದರೂ ನುಗ್ಗಬಹುದು. ತನಿಖೆಗೆ ಬಂದ ಇನ್ಸ್‌ಪೆಕ್ಟರ್ ಕ್ರ್ಯಾಡಕ್ ಈ ಕಾನೂನುಬಾಹಿರ ಕೊಡುಕೊಳ್ಳುವಿಕೆಯ ನಡುವೆಯೇ ಬಂದೂಕು ಎಲ್ಲಿಂದ ಎಲ್ಲಿಗೆ ಹೋಯಿತೆಂದು ಹುಡುಕಬೇಕು.

ಇದಕ್ಕಿಂತ ದೊಡ್ಡ ಬದಲಾವಣೆಯನ್ನು, ಈ ಕಾದಂಬರಿಯಲ್ಲೂ ಕೊಲೆ ಭೇದಿಸಲು ಬರುವ ಮಿಸ್ ಮಾರ್ಪಲ್, ಕ್ರ್ಯಾಡಕ್‌ಗೆ ಬಿಡಿಸಿ ಹೇಳುತ್ತಾಳೆ. ಹದಿನೈದು ವರ್ಷದ ಹಿಂದೆ ಹಳ್ಳಿಯಲ್ಲಿ ಯಾರು ಯಾರೆಂದು ಎಲ್ಲರಿಗೂ ಗೊತ್ತಿತ್ತು. ಹೊಸಬರು ಬಂದರೆ ಅವರನ್ನು ಬಲ್ಲವರೊಬ್ಬರ ಪತ್ರ ಜೊತೆಯಲ್ಲಿ ಬರುತ್ತಿತ್ತು. ಈಗ ದೊಡ್ಡ ಮನೆಗಳು ಮಾರಾಟವಾಗಿವೆ. ಭಾರತದಿಂದ, ಹಾಂಗ್‌ಕಾಂಗ್‌ನಿಂದ, ಚೀನಾದಿಂದ, ಎಲ್ಲೆಲ್ಲಿಂದಲೋ ಜನ ಬಂದು ನೆಲೆಸಿದ್ದಾರೆ. ಅವರ ಬಗ್ಗೆ ನಮಗೆ ಗೊತ್ತಿರುವುದು ಅವರು ತಮ್ಮ ಬಗ್ಗೆ ಹೇಳಿಕೊಂಡಷ್ಟೇ. ಈ ಮಾತು ಬರಿಯ ಮುದುಕಿಯ ಗೊಣಗಾಟವಲ್ಲ. 1947ರ ಆಗಸ್ಟಿನ ನಂತರ ಭಾರತದಿಂದ ಹೊರಟ ಇಂಗ್ಲಿಷ್ ಅಧಿಕಾರಿಗಳು ಹೋಗಿ ಸೇರಿದ್ದು ಇಂಥ ಹಳ್ಳಿಗಳನ್ನೇ. ಕಾದಂಬರಿಯಲ್ಲೂ ಕರ್ನಲ್ ಈಸ್ಟರ್‌ಬ್ರುಕ್ ಭಾರತದಲ್ಲಿದ್ದವನೆಂದು ಹೇಳಿಕೊಳ್ಳುತ್ತಾನೆ. ನಮ್ಮ ಸ್ವಾತಂತ್ರ್ಯ ಅವರ ಒಂದು ಹಳ್ಳಿಯ ನಂಬಿಕೆಯ ಬುನಾದಿಯನ್ನು ಹೇಗೆ ಸ್ವಲ್ಪ ಅಲುಗಾಡಿಸಿತ್ತು ಎಂಬುದು ಒಂದು ಪತ್ತೇದಾರಿ ಕಾದಂಬರಿಯ ಒಂದೇ ಸಾಲಿನಲ್ಲಿ ಹೀಗೆ ಸಿಕ್ಕಿದಾಗ ನಾನು ಓದುವುದನ್ನು ನಿಲ್ಲಿಸಿ ಕುಳಿತಿದ್ದೆ. ಮಾರ್ಪಲ್ ಹೇಳಿದ್ದನ್ನು ಕೇಳಿದ ಕ್ರ್ಯಾಡಕ್ ಯೋಚಿಸುವುದು ಗುರುತಿನ ಚೀಟಿಗಳ ಬಗ್ಗೆ. 1939ರಲ್ಲಿ ಯುದ್ಧಕ್ಕೆಂದು ತಂದ ಆ ಚೀಟಿಗಳು 1952ರ ತನಕ ಚಾಲ್ತಿಯಲ್ಲಿದ್ದವು. ಜನರ ಕೈಯಲ್ಲಿದ್ದ ಸಾಮಾನ್ಯ ಚೀಟಿಯಲ್ಲಿ ಭಾವಚಿತ್ರವಿಲ್ಲ, ಬೆರಳಚ್ಚಿಲ್ಲ. ಹೆಸರು, ವಿಳಾಸ, ಸಹಿ, ಸಂಖ್ಯೆ ಅಷ್ಟೇ. ಚೀಟಿ ಯಾರ ಕೈಯಲ್ಲಿದೆಯೋ ಅವರೇ ಆ ಹೆಸರಿನವರು.

ಕ್ರಿಸ್ಟಿಯವರ ಬದುಕು ಗೊತ್ತಿದ್ದವರಿಗೆ ಇಲ್ಲಿ ಇನ್ನೊಂದು ಸಂಗತಿ ನೆನಪಾಗದೆ ಇರದು. 1890ರ ಸೆಪ್ಟೆಂಬರ್ 15ರಂದು ಟಾರ್ಕಿ ಎಂಬ ಕಡಲ ತೀರದ ಊರಿನಲ್ಲಿ ಹುಟ್ಟಿದ ಅವರು ಮೊದಲ ಮಹಾಯುದ್ಧದಲ್ಲಿ ಆಸ್ಪತ್ರೆಯ ಔಷಧ ವಿತರಣೆಯ ಕೆಲಸ ಮಾಡಿ ವಿಷಗಳನ್ನು ಅರಿತರು, ಅಲ್ಲಿಂದಲೇ ಬರವಣಿಗೆಗೆ ಬಂದರು. ಇದು ಎಲ್ಲರೂ ಹೇಳುವ ಕಥೆ. ನನಗೆ ಮುಖ್ಯವೆನಿಸುವುದು 1926ರ ಡಿಸೆಂಬರ್. ತಾಯಿ ಅದೇ ವರ್ಷ ತೀರಿಕೊಂಡಿದ್ದರು, ಗಂಡ ಬೇರೊಬ್ಬಳನ್ನು ಮದುವೆಯಾಗುವೆನೆಂದು ಹೊರಟಿದ್ದ. ಡಿಸೆಂಬರ್ 3ರ ರಾತ್ರಿ ಮನೆ ಬಿಟ್ಟ ಕ್ರಿಸ್ಟಿಯವರ ಕಾರು ಮಾತ್ರ ಮರುದಿನ ಸಿಕ್ಕಿತು. ಪೊಲೀಸರು, ಪತ್ರಿಕೆಗಳು, ಸಾವಿರಾರು ಜನ ಹುಡುಕಿದರು. 11 ದಿನಗಳ ನಂತರ ಹ್ಯಾರೊಗೇಟಿನ ಹೋಟೆಲೊಂದರಲ್ಲಿ ಅವರು ಪತ್ತೆಯಾದರು. ಅಲ್ಲಿಯ ರಿಜಿಸ್ಟರಿನಲ್ಲಿ ಅವರ ಹೆಸರು ಮಿಸೆಸ್ ನೀಲ್, ಊರು ಕೇಪ್‌ಟೌನ್. ನೀಲ್ ಎಂಬುದು ಗಂಡ ಒಲಿದಿದ್ದ ಆ ಹೆಣ್ಣಿನ ಮನೆತನದ ಹೆಸರು. ಆ ಹನ್ನೊಂದು ದಿನ ಅವರು ಉಳಿದ ಅತಿಥಿಗಳೊಡನೆ ಬೆರೆತಿದ್ದರು, ಊಟ ಮಾಡಿದ್ದರು, ಪತ್ರಿಕೆ ಓದಿದ್ದರು. ಆಕೆ ತಾನು ಯಾರೆಂದು ಹೇಳಿಕೊಂಡರೋ ಹೋಟೆಲ್ ಅದನ್ನೇ ನಂಬಿತ್ತು. ತಮ್ಮ ಆತ್ಮಕಥೆಯಲ್ಲಿ ಅವರು ಈ ಘಟನೆಯ ಬಗ್ಗೆ ಒಂದಕ್ಷರವನ್ನೂ ಬರೆಯಲಿಲ್ಲ. ಅದನ್ನೇ ಈ ಕಾದಂಬರಿಯಲ್ಲಿ ಬರೆದರೆಂದು ಹೇಳಿದರೆ ನಾನು ಇಲ್ಲದ್ದನ್ನು ಆರೋಪಿಸಿದಂತಾಗುತ್ತದೆ. ಆದರೆ ಮನುಷ್ಯ ಹೇಳಿಕೊಂಡ ಹೆಸರನ್ನು ಲೋಕ ಎಷ್ಟು ಸುಲಭವಾಗಿ ಒಪ್ಪುತ್ತದೆ ಎಂಬುದನ್ನು ಒಳಗಿನಿಂದ ಬಲ್ಲ ಲೇಖಕಿ ಅವರು ಎಂಬುದರಲ್ಲಿ ಅನುಮಾನವಿಲ್ಲ.

ಈಗ ನಾನು ಹೇಳಬೇಕೆಂದಿರುವ ಮುಖ್ಯ ಮಾತಿಗೆ ಬರುತ್ತೇನೆ. ಈ ಹಳ್ಳಿಯಲ್ಲಿ ಜನ ತಮ್ಮ ಬಗ್ಗೆ ಹೇಳಿಕೊಳ್ಳುವುದನ್ನು ಎಲ್ಲರೂ ನಂಬುತ್ತಾರೆ. ಆದರೆ ನಿಜ ಗೊತ್ತಿರುವವರು ಬಾಯಿ ತೆರೆದರೆ ಯಾರೂ ಕಿವಿಗೊಡುವುದಿಲ್ಲ. ಅಂಥವರು ಇಲ್ಲಿ ಮೂವರಿದ್ದಾರೆ, ಮೂವರೂ ಹೆಂಗಸರು.

ಮೊದಲನೆಯವಳು ಡೋರಾ ಬನ್ನರ್. ಬ್ಲ್ಯಾಕ್‌ಲಾಕಳ ಶಾಲಾದಿನಗಳ ಗೆಳತಿ, ಈಗ ಅವಳ ಆಶ್ರಿತೆ. ಹೆಸರುಗಳನ್ನು ತಪ್ಪಾಗಿ ಹೇಳುತ್ತಾಳೆ, ಮೊನ್ನೆ ದೀಪ ಇದ್ದದ್ದು ಇದಲ್ಲ ಅದು ಎನ್ನುತ್ತಾಳೆ, ಹೇಳಿದ್ದನ್ನೇ ಹೇಳುತ್ತಾಳೆ. ಅರಳುಮರಳು ಎಂದು ಮನೆಯವರೆಲ್ಲ ಸುಮ್ಮನಿದ್ದಾರೆ. ಬ್ಲೂಬರ್ಡ್ ಎಂಬ ಕಾಫಿ ಅಂಗಡಿಯಲ್ಲಿ ಒಂದು ಬೆಳಿಗ್ಗೆ ಮಿಸ್ ಮಾರ್ಪಲ್ ಅವಳ ಎದುರು ಕುಳಿತು ಸುಮ್ಮನೆ ಕೇಳಿಸಿಕೊಳ್ಳುತ್ತಾಳೆ. ಆಗ ಡೋರಾ ತನ್ನ ಬಡತನದ ವರ್ಷಗಳನ್ನು ಹೇಳಿಕೊಳ್ಳುತ್ತಾಳೆ. ಊಟವಿಲ್ಲದಿದ್ದರೂ ಮೇಜಿನ ಮೇಲೆ ಹೂ ಇರಬೇಕು ಎನ್ನುವವರು ಎಷ್ಟು ಹೊತ್ತಿನ ಊಟ ಬಿಟ್ಟಿದ್ದಾರೆ ಎಂದು ಕೇಳುತ್ತಾಳೆ. ದಿನವೂ ಅದೇ ಬ್ರೆಡ್ಡು, ಬಾಟಲಿಯಿಂದ ಕೆರೆದ ಮಾಂಸದ ಪೇಸ್ಟು, ತೆಳ್ಳಗೆ ಸವರಿದ ಮಾರ್ಗರೀನ್; ಹರಿದ ಬಟ್ಟೆಗೆ ಹೊಲಿಗೆ ಹಾಕಿ ಅದು ಕಾಣದಿರಲೆಂದು ಬೇಡಿಕೊಳ್ಳುವುದು; ಕೆಲಸ ಕೇಳಲು ಹೋದಲ್ಲೆಲ್ಲ ನಿಮಗೆ ವಯಸ್ಸಾಯಿತು ಎನಿಸಿಕೊಳ್ಳುವುದು. ಹಾಸ್ಟೆಲ್ಲಿನಲ್ಲಿ ಈ ಪುಟವನ್ನು ನಾನು ಹಾರಿಸಿ ಓದಿದ್ದೆ, ಅದರಲ್ಲಿ ಸುಳಿವಿಲ್ಲವೆಂದುಕೊಂಡು. ಸುಳಿವು ಅಲ್ಲೇ ಸುತ್ತಮುತ್ತ ಇತ್ತು. ಒಂಟಿ ಮುದುಕಿಯರ ಹಸಿವನ್ನು ಇಷ್ಟು ನೇರವಾಗಿ, ಒಂದಿಷ್ಟೂ ಅಲಂಕಾರವಿಲ್ಲದೆ ಹೇಳಿದ ಪುಟವನ್ನು ಆ ಕಾಲದ ಬೇರೆ ಪತ್ತೇದಾರಿ ಬರಹದಲ್ಲಿ ನಾನು ಕಂಡಿಲ್ಲ.

ಡೋರಾಳ ಹುಟ್ಟುಹಬ್ಬಕ್ಕೆ ಒಂದು ಕೇಕು ತಯಾರಾಗುತ್ತದೆ. ಅಮೆರಿಕದಿಂದ ಬಂದ ಡಬ್ಬಿಯ ಬೆಣ್ಣೆ, ಕ್ರಿಸ್ಮಸ್‌ಗೆಂದು ಎತ್ತಿಟ್ಟಿದ್ದ ಒಣದ್ರಾಕ್ಷಿ, ಕೂಡಿಟ್ಟ ಸಕ್ಕರೆ, ಕೈಬಿಚ್ಚಿ ಹಾಕಿದ ಚಾಕೊಲೇಟು. ರೇಷನ್ನಿನ ಕಾಲದಲ್ಲಿ ಅಷ್ಟು ಸಾಮಗ್ರಿಯನ್ನು ಒಂದು ಕೇಕಿಗೆ ಸುರಿಯುವುದೆಂದರೆ ಆಸ್ತಿ ಬರೆದುಕೊಟ್ಟ ಹಾಗೆ. ಮನೆಯ ತರುಣ ಅದಕ್ಕೆ ‘ಡೆಲಿಶಸ್ ಡೆತ್’ ಎಂದು ಹೆಸರಿಡುತ್ತಾನೆ. ಕ್ರಿಸ್ಟಿ ಈ ಪುಸ್ತಕವನ್ನು ಅರ್ಪಿಸಿರುವುದೂ ಆ ಕೇಕನ್ನು ತಮಗೆ ಮೊದಲು ಉಣಬಡಿಸಿದ ದಂಪತಿಗೆ. ಡೋರಾ ಮಗುವಿನಂತೆ ಸಂಭ್ರಮಪಡುತ್ತಾಳೆ. ಆ ದಿನ ತಲೆನೋವೆಂದು ಮಾತ್ರೆ ನುಂಗಿ ಮಲಗಿದವಳು ಏಳುವುದಿಲ್ಲ. ಕೊಲೆಗಾರರ ಹೆಸರು ತಿಳಿದ ಮೇಲೆ ಆ ಹುಟ್ಟುಹಬ್ಬದ ಪುಟಗಳನ್ನು ಮತ್ತೊಮ್ಮೆ ಓದಿ ನೋಡಬೇಕು. ಆ ಪ್ರೀತಿ ನಟನೆಯಲ್ಲ ಎಂದು ನನಗೆ ಈಗಲೂ ಅನಿಸುತ್ತದೆ, ಅದಕ್ಕೇ ಆ ಪುಟಗಳನ್ನು ಓದುವುದು ಕಷ್ಟ.

ಎರಡನೆಯವಳು ಏಮಿ ಮರ್ಗಟ್ರಾಯ್ಡ್. ತನ್ನ ಗೆಳತಿ ಹಿಂಚ್‌ಕ್ಲಿಫ್ ಜೊತೆ ಕೋಳಿ ಹಂದಿ ಸಾಕಿಕೊಂಡಿರುವ ದುಂಡುಮುಖದ, ಗಾಬರಿ ಸ್ವಭಾವದ ಹೆಂಗಸು. ಅಂದು ಕೋಣೆಯಲ್ಲಿದ್ದವರೆಲ್ಲ ಬಾಗಿಲಲ್ಲಿ ಮುಸುಕುಧಾರಿಯನ್ನು ಕಂಡೆವೆಂದು ಪೊಲೀಸರಿಗೆ ಧೈರ್ಯವಾಗಿ ಹೇಳಿರುತ್ತಾರೆ. ಹಿಂಚ್‌ಕ್ಲಿಫ್ ಅಡುಗೆಮನೆಯ ಸಾಮಾನನ್ನೇ ಟಾರ್ಚು ಪಿಸ್ತೂಲು ಮಾಡಿಕೊಂಡು ಆ ಸಂಜೆಯನ್ನು ಮತ್ತೆ ಆಡಿ ನೋಡಿದಾಗ, ಒಂದು ಕೈಯಲ್ಲಿ ಟಾರ್ಚು ಇನ್ನೊಂದರಲ್ಲಿ ಪಿಸ್ತೂಲು ಹಿಡಿದವನು ತಾನಾಗಿ ಮುಚ್ಚಿಕೊಳ್ಳುವ ಬಾಗಿಲನ್ನು ಹೇಗೆ ತಡೆದಿದ್ದ ಎಂಬ ಪ್ರಶ್ನೆ ಏಳುತ್ತದೆ. ಕಣ್ಣಿಗೆ ಬೆಳಕು ಹೊಡೆದವರಿಗೆ ಬೆಳಕಿನ ಹಿಂದಿರುವುದು ಕಾಣುವುದಿಲ್ಲ; ಕಂಡೆವೆಂದವರು ಕಂಡಿರಲಿಲ್ಲ. ಬಾಗಿಲ ಹಿಂದೆ ನಿಂತಿದ್ದ ಮರ್ಗಟ್ರಾಯ್ಡ್ ಒಬ್ಬಳ ಕಣ್ಣಿಗೆ ಮಾತ್ರ ಬೆಳಕು ಬಿದ್ದಿರಲಿಲ್ಲ. ಬೆಳಕು ಹರಿದಾಡಿದಲ್ಲೆಲ್ಲ ಯಾರ ಯಾರ ಮುಖ ಕಂಡಿತು ಎಂದು ಅವಳು ತಡವರಿಸುತ್ತ ನೆನಪಿಸಿಕೊಳ್ಳುತ್ತಿರುವಾಗ ಫೋನು ಬರುತ್ತದೆ. ಹಿಂಚ್‌ಕ್ಲಿಫ್ ರೈಲು ನಿಲ್ದಾಣಕ್ಕೆ ಬಂದಿಳಿದ ನಾಯಿಯನ್ನು ತರಲು ಅವಸರದಲ್ಲಿ ಕಾರು ಹತ್ತುತ್ತಾಳೆ. ಹಿಂದೆ ಓಡಿಬಂದ ಮರ್ಗಟ್ರಾಯ್ಡ್ ‘ಶೀ ವಾಸಂಟ್ ದೇರ್’ ಎಂದು ಕೂಗುತ್ತಾಳೆ. ಹಿಂಚ್‌ಕ್ಲಿಫ್ ತಿರುಗಿ ಬರುವ ಹೊತ್ತಿಗೆ ಮಳೆ ಬಂದಿದೆ, ಒಣಹಾಕಿದ ಬಟ್ಟೆಗಳು ಇನ್ನೂ ಹಗ್ಗದ ಮೇಲಿವೆ, ಅವುಗಳ ಬಳಿ ಮರ್ಗಟ್ರಾಯ್ಡಳ ಕತ್ತು ಬಿಗಿದ ದೇಹ ಬಿದ್ದಿದೆ. ಮೊದಲು ಮೂಸಿ ಹುಡುಕಿದ್ದು ಆಗತಾನೇ ತಂದ ನಾಯಿ.

ಆ ಮೂರು ಪದಗಳಲ್ಲಿ ಒತ್ತು ಯಾವುದರ ಮೇಲೆ ಬಿದ್ದಿತ್ತು ಎಂದು ಆಮೇಲೆ ಮಿಸ್ ಮಾರ್ಪಲ್ ಕೇಳುತ್ತಾಳೆ. ಒತ್ತು ಬದಲಾದರೆ ಅರ್ಥ ಬದಲಾಗುತ್ತದೆ, ಅರ್ಥ ಬದಲಾದರೆ ಕೊಲೆಗಾರರೂ ಬದಲಾಗಬಹುದು. ಈ ಸಾಲನ್ನು ಕನ್ನಡಕ್ಕೆ ತರಬೇಕಾದರೆ ಹೇಗೆ ಎಂದು ನಾನು ಬಹಳ ಸಲ ಯೋಚಿಸಿದ್ದೇನೆ. ಇಂಗ್ಲಿಷಿನಲ್ಲಿ ಒತ್ತು ದನಿಯಲ್ಲಿದೆ, ಬರಹದಲ್ಲಿ ಅಡಗಿಕೊಳ್ಳುತ್ತದೆ. ನಮ್ಮಲ್ಲಿ ಒತ್ತು ಕೊಡಬೇಕಾದರೆ ನಾಲಗೆ ತಾನಾಗಿಯೇ ‘ಏ’ಕಾರ ಸೇರಿಸುತ್ತದೆ: ‘ಅವಳೇ ಅಲ್ಲಿರಲಿಲ್ಲ’, ‘ಅವಳು ಅಲ್ಲೇ ಇರಲಿಲ್ಲ’, ‘ಅವಳು ಅಲ್ಲಿ ಇರಲೇ ಇಲ್ಲ’. ಮೂರೂ ಬೇರೆ ಬೇರೆ ವಾಕ್ಯಗಳು. ಯಾವುದನ್ನು ಬರೆದರೂ ಗುಟ್ಟು ಅಲ್ಲೇ ಒಡೆದುಹೋಗುತ್ತದೆ. ಏಕಾರವಿಲ್ಲದೆ ಬರೆದರೆ ಮಾರ್ಪಲ್ ಕೇಳುವ ಪ್ರಶ್ನೆಗೆ ನಮ್ಮ ಕಿವಿಯಲ್ಲಿ ಆಧಾರವೇ ಇಲ್ಲವಾಗುತ್ತದೆ. ಅಷ್ಟೇ ಅಲ್ಲ, ಸಂಕೋಚದ ಹೆಂಗಸಾದ ಮರ್ಗಟ್ರಾಯ್ಡ್ ನೆರೆಮನೆಯವಳೊಬ್ಬಳನ್ನು ‘ಅವಳು’ ಎನ್ನುತ್ತಾಳೆಯೇ, ‘ಅವರು’ ಎನ್ನುತ್ತಾಳೆಯೇ? ‘ಅವರು’ ಎಂದರೆ ಗಂಡೋ ಹೆಣ್ಣೋ ತಿಳಿಯದು. ‘ಅವಳು’ ಎಂದರೆ ತನಗಿಂತ ಕಿರಿಯಳೋ ಸಲಿಗೆಯವಳೋ ಎಂದು ಓದುಗರು ಲೆಕ್ಕ ಹಾಕಿಬಿಡುತ್ತಾರೆ. ಕಾದಂಬರಿಯಲ್ಲಿ ಇನ್ನೊಂದು ಸುಳಿವಂತೂ ಒಂದು ಇಂಗ್ಲಿಷ್ ಪದದ ಮೊದಲಕ್ಷರ ‘ಐ’ಯೋ ‘ಈ’ಯೋ ಎಂಬ ಕಾಗುಣಿತದ ಮೇಲೆ ನಿಂತಿದೆ, ಉಚ್ಚರಿಸಿದಂತೆ ಬರೆಯುವ ನಮ್ಮ ಲಿಪಿಯಲ್ಲಿ ಅದಕ್ಕೆ ಜಾಗವೇ ಇಲ್ಲ. ಈ ಕಾದಂಬರಿ ಇಂಗ್ಲಿಷ್ ಹಳ್ಳಿಯಲ್ಲಿ ಎಷ್ಟು ಬೇರೂರಿದೆಯೋ ಇಂಗ್ಲಿಷ್ ನುಡಿಯಲ್ಲೂ ಅಷ್ಟೇ ಬೇರೂರಿದೆ.

ಮೂರನೆಯವಳು ಅಡುಗೆಯ ಮಿಟ್ಸಿ. ಮಧ್ಯ ಯುರೋಪಿನಿಂದ ಓಡಿಬಂದ ನಿರಾಶ್ರಿತೆ. ತನ್ನ ಮನೆಯವರನ್ನು ಕೊಂದರೆನ್ನುತ್ತಾಳೆ, ಪೊಲೀಸರನ್ನು ಕಂಡರೆ ಚೀರುತ್ತಾಳೆ. ಸುಳ್ಳಿ ಎಂದು ಎಲ್ಲರೂ ತೀರ್ಮಾನಿಸಿದ್ದಾರೆ. ಇಲ್ಲಿ ಕ್ರಿಸ್ಟಿಯವರ ಮೇಲೆ ನನಗೆ ದೂರಿದೆ. ಯುದ್ಧ ಮುಗಿದು ಐದು ವರ್ಷವೂ ಆಗದಿದ್ದ ಹೊತ್ತಿನಲ್ಲಿ ಅಂಥ ಹೆಣ್ಣಿನ ಭಯವನ್ನು ನಗೆಪಾಟಲಿಗೆ ಒಡ್ಡಿದ್ದು ಸರಿಯಲ್ಲ. ಅವಳ ನೋವಿನ ಹಿಂದೆ ಎಷ್ಟು ನಿಜವಿತ್ತೆಂದು ಅಂದಿನ ಓದುಗರಿಗೆ ಗೊತ್ತಿರಬೇಕಾಗಿತ್ತು, ಲೇಖಕಿಗೂ ಗೊತ್ತಿರಬೇಕಾಗಿತ್ತು. ಕೊನೆಯಲ್ಲಿ ಪ್ರಾಣದ ಹಂಗು ತೊರೆದು ಕೊಲೆಗಾರರನ್ನು ಬಯಲಿಗೆಳೆಯುವ ಕೆಲಸವನ್ನು ಅವಳಿಗೇ ಒಪ್ಪಿಸಿದ್ದಾರೆ ನಿಜ. ಅದು ಸ್ವಲ್ಪ ಮಟ್ಟಿನ ಪ್ರಾಯಶ್ಚಿತ್ತದಂತೆ ಕಂಡರೂ ಹಿಂದಿನ ಪುಟಗಳು ಅಳಿಸಿಹೋಗುವುದಿಲ್ಲ. ಕೊನೆಯ ಅಧ್ಯಾಯಗಳಲ್ಲಿ ಒಂದೇ ಮನೆಯಲ್ಲಿ ಇಷ್ಟೊಂದು ಜನ ಬೇರೆಯವರಂತೆ ನಟಿಸುತ್ತಿದ್ದರು ಎಂಬುದನ್ನು ಒಪ್ಪುವುದೂ ಕಷ್ಟ. ಕಥೆಯ ಲೆಕ್ಕ ಚುಕ್ತಾ ಆಗಲೆಂದು ಕಾಕತಾಳೀಯಗಳನ್ನು ಒಂದರ ಮೇಲೊಂದು ಪೇರಿಸಿದಂತಾಗಿದೆ.

ಆದರೂ ಮೂವರ ಮಾತಿಗೂ ಕಿವಿಗೊಟ್ಟವಳು ಒಬ್ಬಳಿದ್ದಾಳೆ. ಮಿಸ್ ಮಾರ್ಪಲ್‌ಳನ್ನು ರೂಪಿಸುವಾಗ ಕ್ರಿಸ್ಟಿಗೆ ಒದಗಿ ಬಂದದ್ದು ತಮ್ಮ ಅಜ್ಜಿಯ ಗುಣ. ಸದಾ ನಗುಮುಖದ ಆ ಅಜ್ಜಿ ಎಲ್ಲರಿಂದಲೂ ಕೆಟ್ಟದ್ದನ್ನೇ ನಿರೀಕ್ಷಿಸುತ್ತಿದ್ದರು, ಹೆದರಿಕೆಯಾಗುವಷ್ಟು ಸಲ ಅದೇ ನಿಜವಾಗುತ್ತಿತ್ತು ಎಂದು ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಈ ಕಾದಂಬರಿಯ ಮಾರ್ಪಲ್‌ಗೂ ಯಾರೂ ತಕ್ಷಣ ಬೆಲೆ ಕೊಡುವುದಿಲ್ಲ. ಸಂಧಿವಾತದ ಚಿಕಿತ್ಸೆಗೆಂದು ರೂಡಿ ಕೆಲಸ ಮಾಡುತ್ತಿದ್ದ ಹೋಟೆಲಿನಲ್ಲೇ ಉಳಿದಿದ್ದ ಆಕೆ, ತನ್ನ ಏಳು ಪೌಂಡಿನ ಚೆಕ್ಕನ್ನು ಅವನು ಹದಿನೇಳು ಮಾಡಿದ್ದನ್ನು ಗುರುತಿಸಿದವಳು. ಹೆಣಿಗೆಯ ನೂಲುಂಡೆ ಹಿಡಿದು ಕುಳಿತ ಆಕೆಯನ್ನು ನೋಡಿ ಇನ್ಸ್‌ಪೆಕ್ಟರ್ ಮೊದಲು ಇವಳಿಗೂ ಅರಳುಮರಳಿರಬೇಕು ಎಂದುಕೊಳ್ಳುತ್ತಾನೆ. ಡೋರಾಳ ಎದುರು ಕುಳಿತು ಕೇಳಿಸಿಕೊಳ್ಳಲು ಅವಳಿಗೆ ಸಾಧ್ಯವಾದದ್ದು ಅದಕ್ಕೇ ಇರಬಹುದು. ಗುರುತಿನ ಚೀಟಿ ಹೇಳಲಾರದ್ದನ್ನು ಅರಳುಮರಳಿನ ಗೆಳತಿಯೊಬ್ಬಳ ಬಾಯಿತಪ್ಪು ಹೇಳಿಬಿಡುತ್ತದೆ ಎಂಬುದನ್ನು ಅವಳು ಬಲ್ಲಳು.

ಪಾದ್ರಿಯ ಮನೆಯ ಬೆಕ್ಕಿನ ವಿಷಯವೊಂದನ್ನು ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಅದರ ಹೆಸರು ತಿಗ್ಲಾತ್ ಪಿಲೇಸರ್, ಅದು ಅಸ್ಸೀರಿಯಾದ ರಾಜರ ಹೆಸರು. ಕ್ರಿಸ್ಟಿಯವರ ಎರಡನೆಯ ಗಂಡ ಪುರಾತತ್ತ್ವಜ್ಞ ಮ್ಯಾಕ್ಸ್ ಮ್ಯಾಲೊವನ್ 1949ರಲ್ಲಿ ಇರಾಕಿನ ನಿಮ್ರೂದಿನಲ್ಲಿ ಉತ್ಖನನ ಆರಂಭಿಸಿದ್ದರು, ಆ ರಾಜರಲ್ಲಿ ಒಬ್ಬನ ಅರಮನೆ ಇದ್ದದ್ದು ಅಲ್ಲೇ. ದೀಪ ಆರಿದ್ದು ಹೇಗೆಂಬ ಒಗಟನ್ನು ಮಾರ್ಪಲ್‌ಗೆ ಬಿಡಿಸಿಕೊಡುವುದು ಈ ಬೆಕ್ಕು, ಹೂದಾನಿಯ ನೀರನ್ನು ಸವೆದ ವೈರಿನ ಮೇಲೆ ಉರುಳಿಸಿ.

ಕಾದಂಬರಿಯ ಕೊನೆಯ ಪುಟದಲ್ಲಿ ಊರಿನ ಹೊಸ ದಂಪತಿ ಪೇಪರ್ ಅಂಗಡಿಗೆ ಹೋಗಿ ತಮ್ಮ ಮನೆಗೆ ಯಾವ ಯಾವ ಪತ್ರಿಕೆ ಹಾಕಬೇಕೆಂದು ಬರೆಸುತ್ತಾರೆ. ಗೆಜೆಟ್ ಬೇಡವೇ ಎಂದು ಅಂಗಡಿಯವರು ಕೇಳುತ್ತಾರೆ. ಬೇಡ ಎನ್ನುತ್ತಾರೆ ಅವರು, ಮತ್ತೊಮ್ಮೆ ಕೇಳಿದರೂ ಬೇಡ ಎನ್ನುತ್ತಾರೆ. ಅವರು ಆಚೆ ಹೋದ ಮೇಲೆ ಅಂಗಡಿಯ ಗಂಡ ಹೆಂಡತಿ ಮಾತಾಡಿಕೊಂಡು, ಕೇಳಿಸಿಕೊಂಡದ್ದರಲ್ಲೇ ಏನೋ ತಪ್ಪಾಗಿರಬೇಕು ಎಂಬ ತೀರ್ಮಾನಕ್ಕೆ ಬರುತ್ತಾರೆ. ಗೆಜೆಟ್ ಇಲ್ಲದೆ ಇಲ್ಲಿ ಏನು ನಡೆಯುತ್ತಿದೆಯೆಂದು ಆ ಹುಡುಗರಿಗೆ ಗೊತ್ತಾಗುವುದಾದರೂ ಹೇಗೆ? ಅವರ ಮನೆಗೂ ಗೆಜೆಟ್ ಎಂದು ಪಟ್ಟಿಯಲ್ಲಿ ಸೇರಿಸಿಕೊಳ್ಳುತ್ತಾರೆ.